ಕದಿಯದ ಹುಂಜ

ಎಲ್ದಾದನ ಬಳಿ ಪಾಪಗಳು ಖಾಲಿಯಾಗಿದ್ದವು. ಮಾಡುವುದಕ್ಕಲ್ಲ, ಹೇಳಿಕೊಳ್ಳುವುದಕ್ಕೆ.

ಕಬಾಲೆ ಪೇಟೆಯ ಹಾಲಿನ ಡೇರಿಯೊಂದರಲ್ಲಿ ಅವನಿಗೆ ಸಂಬಳದ ಕೆಲಸ. ಗುಡ್ಡಗಳಿಂದ ಸೈಕಲ್ಲಿನ ಮೇಲೆ ಇಳಿದು ಬರುವ ಕ್ಯಾನುಗಳಲ್ಲಿ ಅಳತೆಗಾಜು ಬಿಟ್ಟು, ಯಾರು ನೀರು ಬೆರೆಸಿದ್ದಾರೆಂದು ಹೇಳಬೇಕು. ವಾರವೆಲ್ಲ ಬೇರೆಯವರ ಕಳ್ಳತನ ಹಿಡಿದು, ಶುಕ್ರವಾರ ಸಂಜೆ ತನ್ನದನ್ನು ಒಪ್ಪಿಸುತ್ತಿದ್ದ. ಅಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಉಜ್ಜೀವನದವರ ಕೂಟ. ಒಬ್ಬೊಬ್ಬರಾಗಿ ಎದ್ದು ತಮ್ಮ ತಪ್ಪನ್ನು ಎಲ್ಲರೆದುರು ಹೇಳಬೇಕು. ಮಾತು ಎದೆಯಿಂದ ಬಂದಿದೆ ಅನ್ನಿಸಿದರೆ ಕೂಟವೇ ಎದ್ದು ನಿಂತು ಸ್ತುತಿ ಹಾಡುತ್ತದೆ, ತಬ್ಬಿಕೊಳ್ಳುತ್ತದೆ.

ಹದಿನಾಲ್ಕು ತಿಂಗಳ ಹಿಂದೆ ಅವನು ಮೊದಲ ಸಲ ಎದ್ದಾಗ ನಿಜವಾಗಿಯೇ ಅತ್ತಿದ್ದ. ಸ್ವಂತ ಚಿಕ್ಕಪ್ಪನ ನೀರು ಹಾಲನ್ನು ಕಣ್ಣು ಮುಚ್ಚಿ ಒಳಗೆ ಬಿಟ್ಟಿದ್ದನಲ್ಲ, ಅದಕ್ಕೆ. ಕೂಟ ಮೂರು ಸುತ್ತು ಹಾಡಿತು. ಆ ಹಾಡಿನ ರುಚಿ ಹತ್ತಿಬಿಟ್ಟಿತು. ಆಮೇಲೆ ಮೇಲ್ವಿಚಾರಕನನ್ನು ಬೈದದ್ದನ್ನು ಹೇಳಿದ. ತಮ್ಮನಿಗೆ ಹೊಡೆದದ್ದನ್ನು ಹೇಳಿದ. ಗಾಯನದ ಗುಂಪಿನ ಹುಡುಗಿಯೊಬ್ಬಳನ್ನು ಕೆಟ್ಟ ಕಣ್ಣಿನಿಂದ ನೋಡಿದೆ ಎಂದಾಗ ಹನ್ನೊಂದು ಹುಡುಗಿಯರೂ ತಲೆ ತಗ್ಗಿಸಿದ್ದರು.

ಆಗಸ್ಟಿನಲ್ಲಿ ದೊಡ್ಡ ಸಭೆ ಇತ್ತು. ಸಾವಿರಾರು ಜನರ ಮುಂದೆ ತನ್ನ ಪಶ್ಚಾತ್ತಾಪದ ಸಾಕ್ಷಿ ಹೇಳಲು ಈ ಕೂಟದಿಂದ ಒಬ್ಬ ಯುವಕನನ್ನು ಹಿರಿಯಳಾದ ಯುನಿಯಾ ಆರಿಸಬೇಕಿತ್ತು. ಎಲ್ದಾದ್ ಅದಕ್ಕೆಂದು ಅಂಗಿಯನ್ನೂ ಆರಿಸಿಟ್ಟಿದ್ದ. ಆದರೆ ಜುಲೈ ಕೊನೆಯ ಶುಕ್ರವಾರ ವ್ಯಾನ್ ಓಡಿಸುವ ಅಮೋನ್ ಕುಡಿತದ ಬಗ್ಗೆ ಹೇಳಿ ಎರಡು ಸುತ್ತು ಹಾಡಿಸಿಕೊಂಡ. ಎಲ್ದಾದ್ ಎದ್ದು, "ಪ್ರಾರ್ಥನೇಲಿ ತೂಕಡಿಸ್ದೆ" ಎಂದ. ಯಾರೋ ಆಕಳಿಸಿದರು.

ಕೂರಲು ಬಗ್ಗಿದವನು ಮತ್ತೆ ನೆಟ್ಟಗಾದ. "ಇನ್ನೊಂದಿದೆ. ಆರು ವರ್ಷದ ಹಿಂದೆ ರುತಾರೆಮ್ವ ಅಜ್ಜನ ಕೆಂಪು ಹುಂಜ ಕಳುವಾಯ್ತಲ್ಲ, ಕದ್ದಿದ್ದು ನಾನು."

ಆ ಹುಂಜ ಕಳೆದದ್ದು ಇಡೀ ಗುಡ್ಡಕ್ಕೆ ಗೊತ್ತಿತ್ತು; ಮುದುಕ ಇಂದಿಗೂ ಅದನ್ನೇ ಹೇಳುತ್ತಿದ್ದ. ಹಾಡು ಸೂರು ಹಾರುವಂತೆ ಎದ್ದಿತು. ಯುನಿಯಾ ಅವನನ್ನು ಬಿಗಿಯಾಗಿ ತಬ್ಬಿ, "ಭೇಷ್ ಮಗ! ನಾಳೆ ಹೋಗಿ ಹಿಂದಿರುಗಿಸೋಣ. ನಾನೂ ಬರ್ತೀನಿ" ಎಂದಳು.

ಕದ್ದದ್ದನ್ನು ಹಿಂದಿರುಗಿಸದೆ ಈ ಕೂಟದಲ್ಲಿ ಪಶ್ಚಾತ್ತಾಪ ಪೂರ್ತಿಯಾಗುವುದಿಲ್ಲ. ಅಷ್ಟು ಶುಕ್ರವಾರ ಕೂತೆದ್ದವನಿಗೆ ಅದು ಹೇಗೆ ಮರೆತುಹೋಯಿತೋ!

ಶನಿವಾರ ಸಂತೆಯಲ್ಲಿ ಕೊಂಡ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಯುನಿಯಾ ಜೊತೆ ಗುಡ್ಡ ಹತ್ತಿದ.

"ಎದೆ ಹಗುರಾಯ್ತೇನೋ ಮಗ?"

"ಆಯ್ತಮ್ಮ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ."

"ಹುಂಜ ಕುಕ್ತಾ ಇದೆ."

ಪ್ರಾರ್ಥಿಸಲು ನೋಡಿದ. 'ಸ್ವಾಮಿ, ನಿನಗೆ ಗೊತ್ತೇ ಇದೆಯಲ್ಲ' ಎಂಬಲ್ಲಿಗೆ ಮಾತು ನಿಂತಿತು. ಗೊತ್ತಿರುವುದೇ ತೊಂದರೆಯಾಗಿತ್ತು.

ಮುದುಕ ಬೈಯುತ್ತಾನೆ, ಬಾಯಿ ಮುಚ್ಚಿ ಬೈಸಿಕೊಂಡರೆ ಮುಗಿಯಿತು ಎಂದು ಅವನ ಲೆಕ್ಕ. ಯುನಿಯಾ ವಿಷಯ ಹೇಳಿದಾಗ ರುತಾರೆಮ್ವ ಬೈಯಲಿಲ್ಲ.

"ಹಾಗಾದ್ರೆ ಬಕೇನೆ ಕದ್ದಿರ್ಲಿಲ್ವಾ?"

ಬಕೇನೆ ಮುದುಕನ ತಮ್ಮ. ಬಾಳೆತೋಟದ ಆಚೆ ಮನೆ. ಹುಂಜ ಹೋದ ದಿನದಿಂದ ಅಣ್ಣತಮ್ಮಂದಿರು ಒಂದೇ ಸೋರೆಬುರುಡೆಯಿಂದ ಕುಡಿದಿರಲಿಲ್ಲ. ಮುದುಕ ಹೆಂಡತಿಯನ್ನು ಕೂಗಿ, ಬುರುಡೆಯ ತುಂಬ ಜೋಳದ ಅಂಬಲಿ ಹೊಯ್ಯಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ತೋಟದೊಳಗೆ ನಡೆದ.

ಯುನಿಯಾ ಕಣ್ಣೊರೆಸಿಕೊಂಡಳು. "ನೋಡಿದ್ಯಾ ದೇವರ ಕೆಲಸ! ಆಗಸ್ಟಲ್ಲಿ ನೀನೇ ಹೇಳ್ಬೇಕು, ಇದನ್ನೇ."

ಬೇಕಾದದ್ದು ಕೈಗೆ ಬಂದಿತ್ತು. ಇನ್ನು ಸುಮ್ಮನಿದ್ದರೆ ಅಣ್ಣತಮ್ಮ ಒಂದಾಗುತ್ತಾರೆ, ಯುನಿಯಾಗೆ ಸಂತೋಷ, ಸಭೆಗೆ ಸಂತೋಷ. ಒಪ್ಪದಿರುವವನು ಮೇಲಿರುವವನೊಬ್ಬನೇ. ಅವನೋ ತುಟಿ ಬಿಚ್ಚುವವನಲ್ಲ. ಬಾಳೆ ಎಲೆ ಮುಖಕ್ಕೆ ಬಡಿಯುತ್ತಿದ್ದರೂ ಸರಿಸದೆ ಎಲ್ದಾದ್ ಹಿಂದೆ ಹಿಂದೆ ನಡೆದ.

ಬಕೇನೆ ಸೌದೆ ಒಡೆಯುತ್ತಿದ್ದ. ಅಣ್ಣನನ್ನು ಅಂಗಳದಲ್ಲಿ ಕಂಡು ಕೊಡಲಿ ಕೆಳಗಿಟ್ಟ.

"ತಪ್ಪು ಮಾಡ್ದೆ ಕಣೋ. ಕದ್ದೋನು ಇವನು" ಎಂದು ಮುದುಕ ಬುರುಡೆ ನೀಡಿದ.

ಬಕೇನೆ ಬುರುಡೆ ತೆಗೆದುಕೊಂಡ, ಕುಡಿಯಲಿಲ್ಲ. ಎಲ್ದಾದನತ್ತ ತಿರುಗಿದ. "ಆರು ವರ್ಷ ನನ್ನ ಮಕ್ಕಳನ್ನ ಕಳ್ಳನ ಮಕ್ಕಳು ಅಂದ್ರು. ನೀನು ಕೇಳಿಸ್ಕೊಂಡು ಸುಮ್ನೆ ಓಡಾಡ್ಕೊಂಡಿದ್ದೆ, ಅಲ್ವಾ?"

'ಹೌದು, ಕ್ಷಮಿಸಿ' ಎಂದರೆ ಸಾಕಿತ್ತು. ಹಾಗೆ ಹೇಳುವುದರಲ್ಲಿ ಅವನಷ್ಟು ಪಳಗಿದವರು ಆ ಗುಡ್ಡದಲ್ಲೇ ಇರಲಿಲ್ಲ.

"ನಾನು ಕದ್ದಿಲ್ಲ" ಎಂದ.

"ಏನಂದೆ?" ಎಂದಳು ಯುನಿಯಾ.

"ಸುಳ್ಳು ಹೇಳ್ದೆ ಅಮ್ಮ. ಎಲ್ರೂ ಹಾಡ್ಲಿ ಅಂತ. ಹೇಳ್ಕೊಳ್ಳೋಕೆ ಬೇರೆ ಪಾಪ ಸಿಗ್ಲಿಲ್ಲ."

"ಸಿಗ್ಲಿಲ್ವಂತೆ! ನನ್ನ ಕೇಳಿದ್ರೆ ಒಂದು ಬುಟ್ಟಿ ಕೊಡ್ತಿದ್ದೆ!" ಎಂದು ಯುನಿಯಾ ಸಿಡುಕಿದಳು.

ಮುದುಕನ ಮುಖ ಗಂಟಿಕ್ಕಿತು. "ಮತ್ತೆ ಕದ್ದೋರು ಯಾರು?"

"ಅಣ್ಣ," ಎಂದ ಬಕೇನೆ, "ನಾನೇ ಕಳ್ಳ ಅಂತ ನೀನು ಊರಿಗೆಲ್ಲ ಹೇಳ್ದೆ. ನನ್ನ ಒಂದ್ಸಲನಾದ್ರೂ ಕೇಳಿದ್ಯಾ?"

ಎಲ್ದಾದನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಕದ್ಯಾ?" ಎಂದ ಮುದುಕ, ಕೊನೆಗೂ.

"ಇಲ್ಲ. ಕಾಡುಬೆಕ್ಕೇನಾದ್ರೂ ಹೊತ್ಕೊಂಡು ಹೋಯ್ತೋ ಏನೋ."

ನಂಬಿದನೋ ಇಲ್ಲವೋ, ಮುದುಕ ಅಲ್ಲೇ ಸೌದೆಯ ಮೇಲೆ ಕುಳಿತ. "ತಂದಾಗಿದೆ. ಕುಡಿ" ಎಂದ. ಆಮೇಲೆ ಎಲ್ದಾದನಿಗೆ, "ನೀನು ನಿನ್ನ ಹುಂಜ ಎತ್ಕೊಂಡು ಹೊರಡು. ನಮ್ಮದಕ್ಕೆ ಇದಕ್ಕಿಂತ ಚೆನ್ನಾಗಿತ್ತು ಬಾಲ."

ಇಳಿಯುವಾಗ ಯುನಿಯಾ ಮುಂದೆ ಮುಂದೆ ನಡೆದಳು. ತಿರುವಿನಲ್ಲಿ ನಿಂತು, "ಆಗಸ್ಟಲ್ಲಿ ಅಮೋನ್ ಹೇಳ್ತಾನೆ" ಎಂದಳು.

"ಸರಿ ಅಮ್ಮ."

"ಆ ಸುಳ್ಳಿಗೆ ಕಣ್ಣೀರು ಹಾಕ್ಕೊಂಡು ಹಾಡಿದ್ದೆನಲ್ಲೋ, ನಾನು!"

ಪೇಟೆಯಲ್ಲಿ, ಕೂಟದ ಸುದ್ದಿ ಕೇಳಿದ್ದ ಅಂಗಡಿಯವನೊಬ್ಬ ಕಂಕುಳಿನ ಹುಂಜ ನೋಡಿ ಕೂಗಿದ: "ಏನಪ್ಪಾ, ಪಶ್ಚಾತ್ತಾಪ ವಾಪಸ್ ಕಳಿಸಿದ್ರಾ?" ಎಲ್ದಾದ್ ತಲೆ ತಗ್ಗಿಸಿ ದಾಟಿದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಇದೆಂಥ ಸಾಕ್ಷಿಯಾಗುತ್ತದೆ ಎಂದು ಹೊಳೆಯಿತು. 'ಪ್ರಿಯರೇ, ನಾನು ಪಾಪದ ವಿಷಯದಲ್ಲೂ ಪಾಪ ಮಾಡಿದೆ...' ಎಲ್ಲಿ ಗದ್ಗದವಾಗಬೇಕು ಎಂಬುದೂ ತಯಾರಾಯಿತು. ನಾಲ್ಕು ಸುತ್ತು ಖಂಡಿತ. ಅವನ ಕಿವಿ ಬಿಸಿಯಾದವು.

ವಾರವೆಲ್ಲ ಆ ಮಾತುಗಳು ಬೆಳೆಯುತ್ತಲೇ ಹೋದವು; ಇವನು ಕತ್ತರಿಸುತ್ತಲೇ ಬಂದ. ಶುಕ್ರವಾರ ಎದ್ದು ನಿಂತಾಗ ಉಳಿದದ್ದು ಇಷ್ಟು: "ಹುಂಜ ನಾನು ಕದ್ದಿರ್ಲಿಲ್ಲ. ನಿಮಗೆ ಸುಳ್ಳು ಹೇಳ್ದೆ, ಕ್ಷಮಿಸಿ."

ಅಣ್ಣತಮ್ಮಂದಿರ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕುಳಿತ. ಯಾರೂ ಹಾಡಲಿಲ್ಲ. ಒಬ್ಬರಾದರೂ ಶುರುಮಾಡಲಿ ಎಂದು ಮನಸ್ಸು ನಾಚಿಕೆಯಿಲ್ಲದೆ ಕಾಯುತ್ತಿತ್ತು. ಕಾಯುತ್ತಲೇ ಅವನು ಒಳಗೊಳಗೇ, 'ಸ್ವಾಮಿ, ನಿನಗೆ ಇಷ್ಟು ಸಾಕಾ?' ಎಂದು ಕೇಳಿದ. ಹದಿನಾಲ್ಕು ತಿಂಗಳಲ್ಲಿ ಅವನು ಆ ಪ್ರಶ್ನೆಯನ್ನು ಆ ವಿಳಾಸಕ್ಕೆ ಕಳಿಸಿದ್ದು ಅದೇ ಮೊದಲು.