ಕೆಮಿಸ್ಟ್ರಿಗೂ ಚಿತ್ರಕ್ಕೂ ಒಂದೇ ಮಂಗಳವಾರ

ಈ ಬರೆಯುವ ಗೋಜು ನನಗೆ ಬೇಡವಾಗಿತ್ತು, ಗೆಳೆಯರೇ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. "ಬೈಯೂದಿದ್ರ ಬರದು ಬೈ, ಅಜ್ಜಾ" ಎಂದು ಮೊಮ್ಮಗಳು ಮೊಬೈಲ್ ಕೈಗಿಟ್ಟಿದ್ದಾಳೆ.

ಒಂದೇ ಡಿಗ್ರಿಯಲ್ಲಿ ಕೆಮಿಸ್ಟ್ರಿ, ಚಿತ್ರಕಲೆ ಎರಡನ್ನೂ ಕಲಿಸುತ್ತೇವೆಂದು ಕಾಲೇಜಿನವರು ಅವಳನ್ನು ಸೇರಿಸಿಕೊಂಡರು. ಈಗ ಮಂಗಳವಾರ ಎರಡಕ್ಕೂ ಒಂದೇ ಹೊತ್ತಿಗೆ ಕ್ಲಾಸು. ಚಿತ್ರ ಬಿಡು ಎನ್ನುತ್ತಾರೆ. ಇವತ್ತು ದಾಂಡೇಲಿಯಿಂದ ಬಸ್ಸು ಹತ್ತಿ ಹೋಗಿ ಪ್ರಿನ್ಸಿಪಾಲರನ್ನೇ ಕೇಳಿದೆ.

"ಅಜ್ಜಾರ, ವಿಜ್ಞಾನಕ್ಕೂ ಕಲೆಗೂ ಏನ್ ಸಂಬಂಧ ರೀ?" ಎಂದರು.

"ನಿಮ್ಮ ಅಂಗಿ ಮ್ಯಾಲೆ ಎಣಗಾಯಿ ಕಲೆ ಐತಲ್ರೀ, ಅದನ್ನ ತೆಗ್ಯಾಕ ಯಾವ ಮಾಸ್ತರನ್ನ ಕರೀಲಿ? ಚಿತ್ರದವರನ್ನೋ, ಕೆಮಿಸ್ಟ್ರಿಯವರನ್ನೋ?"

ಪ್ಯೂನ್ ನಕ್ಕುಬಿಟ್ಟ. ಸಾಹೇಬರು ಫೈಲೊಂದನ್ನು ಎದೆಗೆ ಅಡ್ಡ ಹಿಡಿದು "ನೋಡೂಣು" ಎಂದರು.

ನಮ್ಮ ಕಡೆ ನೋಡೂಣು ಎಂದರೆ ಆಗುವುದಿಲ್ಲ ಎಂದರ್ಥ. ಪ್ರಿನ್ಸಿಪಾಲ್ ಸಾಹೇಬರೇ, ಒಂದು ಕ್ಲಾಸಿನ ಹೊತ್ತು ಬದಲಿಸುತ್ತೀರೋ ಇಲ್ಲವೋ, ಸೋಮವಾರದೊಳಗೆ ಹೇಳಿ.