ಶೆಟ್ಟೆವ್ವನ ಗಿರಣಿಯ ಎರಡು ಪಟ್ಟಿ

ಮುನವಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಓಣಿಯ ಮೂರನೇ ಮನೆಯ ಪಡಸಾಲೆಯಲ್ಲಿ ಗಿರಣಿಯ ಬೆಲ್ಟು ಒಮ್ಮೆ ಕೊಸರಾಡಿ, ಆಮೇಲೆ ತನ್ನ ಲಯ ಹಿಡಿದು ತಿರುಗುತ್ತದೆ. ತಲೆಗೆ ಸೆರಗು ಬಿಗಿದ ಶೆಟ್ಟೆವ್ವ ಮೊದಲ ಡಬ್ಬಿಯ ಜೋಳ ಸುರಿದು, ಕೆಳಗಿಳಿಯುವ ಹಿಟ್ಟಿಗೆ ಕೈಯೊಡ್ಡುತ್ತಾರೆ. ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ಸಾಕು, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ. ಕಾಳು ಮುಗಿದ ಮೇಲೆ ಅವರು ಮಾಡುವ ಕೆಲಸವನ್ನು ಮಾತ್ರ ನಿಂತು ನೋಡಬೇಕು. ಹಿಟ್ಟು ಇಳಿಯುವ ಬಟ್ಟೆಯ ಕೊಳವೆಗೆ ಅವರು ‘ತೋಳು’ ಅನ್ನುತ್ತಾರೆ. ಅದನ್ನು ಅಂಗೈಯಿಂದ ನಾಲ್ಕು ಸಲ ಬಡಿಯುತ್ತಾರೆ. ಮೂರಲ್ಲ, ನಾಲ್ಕೇ. ಒಳಗೆ ಅಂಟಿದ್ದ ಹಿಟ್ಟು ಧೊಪ್ಪನೆ ಡಬ್ಬಿಗೆ ಬೀಳುತ್ತದೆ.

“ಬಡೀಲಿಲ್ಲಂದ್ರ ಒಂದ್ ಬೊಗಸಿ ತೋಳಿನಾಗ ಉಳೀತೈತ್ರಿ. ದಿನಕ್ಕ ನಲವತ್ತ್ ಡಬ್ಬಿ ಬರ್ತಾವ, ನಲವತ್ತ್ ಬೊಗಸಿ ಆತು. ನಮ್ಮ ಮನ್ಯಾಗ ಜ್ವಾಳಾನ ತರೂದ ಬ್ಯಾಡ,” ಎಂದು ನಗುತ್ತಾರೆ. “ಆದ್ರ ಅದು ಅವರ ಹಿಟ್ಟಲ್ರಿ?”

ಶೆಟ್ಟೆವ್ವನಿಗೀಗ ಐವತ್ತಾರು. ಸವದತ್ತಿಯಲ್ಲಿ ಬೇರೆಯವರ ಗಿರಣಿಯಲ್ಲಿ ಹದಿನಾಲ್ಕು ವರ್ಷ ಡಬ್ಬಿ ಎತ್ತಿ, ಕಸ ಹೊಡೆದು, ಕಣ್ಣಲ್ಲೇ ಕೆಲಸ ಕಲಿತವರು. ಹನ್ನೆರಡು ವರ್ಷಗಳ ಹಿಂದೆ ಹಳೆಯ ಗಿರಣಿಯೊಂದನ್ನು ಕೊಂಡು, ಟ್ರ್ಯಾಕ್ಟರಿನಲ್ಲಿ ಹೇರಿಸಿ ತಂದು ಮನೆಯ ಪಡಸಾಲೆಯಲ್ಲೇ ನಿಲ್ಲಿಸಿದರು. ಮೊದಲ ವರ್ಷ ಬಂದದ್ದು ಅವರದೇ ಓಣಿಯ ಡಬ್ಬಿಗಳು ಮಾತ್ರ. ಉಳಿದವರು ಇವರ ಬಾಗಿಲ ಮುಂದೆಯೇ ಹಾದು ದೂರದ ಗಿರಣಿಗೆ ಹೋಗುತ್ತಿದ್ದರು. “ಮೊದಲ ಓಣಿ ನೋಡಿದ್ರು, ಆಮ್ಯಾಲ ಹಿಟ್ಟು ನೋಡಿದ್ರು,” ಎಂದಷ್ಟೇ ಹೇಳಿ ಶೆಟ್ಟೆವ್ವ ಮುಂದಿನ ಡಬ್ಬಿಗೆ ಕೈ ಹಾಕುತ್ತಾರೆ. ಈಗ ಊರಿನ ಎಲ್ಲ ಕಡೆಯಿಂದಲೂ ಡಬ್ಬಿಗಳು ಬರುತ್ತವೆ. ದಿನಕ್ಕೆ ಎರಡು ಕ್ವಿಂಟಲ್ ಬೀಸುತ್ತಾರೆ, ಕಿಲೋಗೆ ಐದು ರೂಪಾಯಿ. ಅದರಲ್ಲಿ ಕರೆಂಟು, ಬೆಲ್ಟು, ಕಲ್ಲು ತಮ್ಮ ತಮ್ಮ ಪಾಲು ಕಿತ್ತುಕೊಂಡ ಮೇಲೆ ಉಳಿದದ್ದು ಶೆಟ್ಟೆವ್ವನದು.

ಈ ಕಡೆಯ ಮಾತಿನಲ್ಲಿ ತೆರಿಗೆಗೆ ಪಟ್ಟಿ ಅನ್ನುತ್ತಾರೆ: ಮನೆ ಪಟ್ಟಿ, ನೀರಿನ ಪಟ್ಟಿ. ಜಯಂತಿಗೆಂದು ಓಣಿಯವರು ಮನೆ ಮನೆ ತಿರುಗಿ ಎತ್ತುವ ಹಣಕ್ಕೂ ಪಟ್ಟಿಯೇ. ಶೆಟ್ಟೆವ್ವನ ಓಣಿಯಲ್ಲಿ ಭೀಮ ಜಯಂತಿಗೆ ಮನೆಗೆ ನೂರು, ವ್ಯಾಪಾರ ಮಾಡುವವರಿಗೆ ಐನೂರು. ಐನೂರರ ಚೀಟಿಯ ನೆತ್ತಿಯ ಮೇಲೆ ‘ಅಂಗಡಿ ಪಟ್ಟಿ’ ಎಂದು ಬರೆದಿರುತ್ತದೆ. ಗಿರಣಿ ಶುರುವಾದ ವರ್ಷ ಅಂಥದ್ದೊಂದು ಚೀಟಿ ಕೈಗೆ ಬಂದಾಗ ಶೆಟ್ಟೆವ್ವ ಅದನ್ನು ಸರ್ಕಾರದ್ದೆಂದೇ, ಓಣಿಯವರು ಎತ್ತಿ ಪುರಸಭೆಗೆ ಕಟ್ಟುತ್ತಾರೆಂದೇ ತಿಳಿದರು. ಪುರಸಭೆಗೆ ಮನೆ ಪಟ್ಟಿ, ಓಣಿಯವರ ಕೈಗೆ ಗಿರಣಿ ಪಟ್ಟಿ. ಎರಡನ್ನೂ ಒಂದು ವರ್ಷವೂ ತಪ್ಪಿಸಲಿಲ್ಲ. ಹನ್ನೆರಡು ಚೀಟಿಗಳನ್ನು ಗೋಡೆಯ ತಂತಿಗೆ ಚುಚ್ಚಿ, ಯಾವ ಸಾಹೇಬರು ಬಂದರೂ ತೋರಿಸುತ್ತೇನೆಂದು ಧೈರ್ಯವಾಗಿದ್ದರು.

ಕಳೆದ ಚಳಿಗಾಲದಲ್ಲಿ ಮಗಳು ಸಂಘಮಿತ್ರಾ ಬೈಲಹೊಂಗಲದಿಂದ ಬಂದಳು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮನೆಯ ಖಾತೆ ಸರಿಪಡಿಸಲೆಂದು ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರವಿಕೊಂಡು ಕೂತಳು.

“ಯವ್ವಾ, ಗಿರಣಿದು ಪಟ್ಟಿ ಎಲ್ಲೈತಿ?”

“ತಂತ್ಯಾಗ ಐತಲ್ಲ. ಹನ್ನೆರಡೂ ಅದಾವ ನೋಡು.”

“ಇವು ಜಯಂತಿ ಪಟ್ಟಿ. ಪುರಸಭೆ ಕಾಗದದಾಗ ಬರೇ ವಾಸದ ಮನಿ ಅಂತ ಐತಿ. ಗಿರಣಿನ ಇಲ್ಲ.”

ಸಂಘಮಿತ್ರಾ ಬಿಡಿಸಿ ಹೇಳಿದಳು. ವ್ಯಾಪಾರದ ಜಾಗಕ್ಕೆ ಹೆಚ್ಚಿನ ತೆರಿಗೆ. ಅದನ್ನು ಮನೆಯವರೇ ಬರೆದು ಕೊಡಬೇಕು. ಹನ್ನೆರಡು ವರ್ಷ ಶೆಟ್ಟೆವ್ವ ಬರೆದು ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ. ಹೋಗಿ ಹೇಳಿದರೆ ಬೀಸುವ ಹೊಸ ಕಲ್ಲಿಗೆಂದು ಕೂಡಿಟ್ಟ ದುಡ್ಡು ಹೋಗುತ್ತದೆ, ಗಿರಣಿಯನ್ನೇ ನಿಲ್ಲಿಸಿದರೂ ನಿಲ್ಲಿಸಿಯಾರು. ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಬಹುಶಃ.

ಪಕ್ಕದ ಮನೆಯ ಶಂಕ್ರೆಪ್ಪ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವರು. ಗಿರಣಿಗೆ ಬಂದ ಮೊದಲ ಡಬ್ಬಿ ಅವರದೇ. ಶೆಟ್ಟೆವ್ವ ಪುರಸಭೆಗೆ ಹೋಗುವ ಯೋಚನೆಯಲ್ಲಿದ್ದಾರೆಂದು ಕೇಳಿ ಓಡಿ ಬಂದರು. “ಯಕ್ಕಾ, ಯಾರರ ಕೇಳ್ಯಾರೇನ ನಿನ್ನ? ನಿನ್ನ ಗಿರಣಿ ಅಳಿಯಾಕ ಬಂದವರು ನನ್ನ ಮಿಷನ್ ನೋಡದ ಹೋಗ್ತಾರೇನ? ನೀ ಒಬ್ಬಾಕಿ ಖರೇ ಆಗಾಕ ಹೋಗಿ ನಮ್ಮನ್ನೆಲ್ಲಾ ಕಳ್ಳರನ್ನ ಮಾಡಬ್ಯಾಡ.”

ಆ ಮಾತು ಶೆಟ್ಟೆವ್ವನಿಗೆ ಚುಚ್ಚಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗೋಧಿ ಬೀಸಿಸಲು ಬರುವ ರಘೋತ್ತಮ, ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಾಗದ ನೋಡಿ, ಕನ್ನಡಕ ತೆಗೆದು ಹೇಳಿದರು: “ನೋಡ್ರಿ ಶೆಟ್ಟೆವ್ವ, ನೀವಾಗೇ ಹೋದ್ರೂ ಬಾಕಿ ಕಟ್ಟಬೇಕಾಗ್ತದ, ದಂಡಾನೂ ಬರ್ತದ. ಬಿಡ್ತಾರಂತ ನಾ ಸುಳ್ಳ ಹೇಳೂದಿಲ್ಲ. ಆದ್ರ ನೀವು ಹೇಳಿದ್ರ ಅದಕ್ಕ ತಪ್ಪು ಅಂತಾರ. ಅವರು ಹಿಡದ್ರ ಕಳವು ಅಂತಾರ.”

ಹಿಟ್ಟು ತಿಕ್ಕಿ ತಿಕ್ಕಿ ಊರಿನ ನಂಬಿಕೆ ಗಳಿಸಿದವರಿಗೆ ಕಳವು ಎಂಬ ಮಾತು ಹೇಗಿದ್ದೀತು! ಎಂಟು ದಿನ ಊಟ ಸೇರಲಿಲ್ಲ. ಒಂದು ಬೆಳಿಗ್ಗೆ ಅದೇ ಗುಂಗಿನಲ್ಲಿ ಶೆಟ್ಟೆವ್ವ ತೋಳು ಬಡಿಯುವುದನ್ನೇ ಮರೆತರು. ಎರಡು ಕಿಲೋ ಜೋಳ ತಂದಿದ್ದ ಮುದುಕಿ ಡಬ್ಬಿ ಎತ್ತಿಕೊಂಡು ಆಗಲೇ ಹೋಗಿದ್ದಳು. ಇವರು ಗಿರಣಿ ನಿಲ್ಲಿಸಿ, ತೋಳು ಬಡಿದು, ಬಿದ್ದ ಹಿಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಬಸ್ ನಿಲ್ದಾಣದ ಆಚೆಯ ಅವಳ ಮನೆಗೆ ನಡೆದೇ ಹೋದರು.

“ಇಷ್ಟಕ್ಕ ಇಲ್ಲಿತನಾ ಬಂದೇನವಾ?” ಮುದುಕಿಗೆ ಅಚ್ಚರಿ. “ನನಗ ಗೊತ್ತ ಇರಲಿಲ್ಲ ಬಿಡು.”

ಹಿಂದಿರುಗುವ ದಾರಿಯುದ್ದಕ್ಕೂ ಶೆಟ್ಟೆವ್ವನ ತಲೆಯಲ್ಲಿ ಒಂದೇ ಮಾತು. “ಆಕಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತಲ್ರಿ! ಪುರಸಭೆದೂ ಹಂಗ ಅನ್ನಿಸ್ತು. ನನ್ನ ತೋಳಿನಾಗ ಅವರದೂ ಉಳಕೊಂಡಿತ್ತು.”

ಮರುದಿನ ಗಿರಣಿಗೆ ರಜೆ. ಪುರಸಭೆಯ ಗುಮಾಸ್ತರು ತಲೆ ಎತ್ತದೆಯೇ ಕೇಳಿದರು: “ಪಟ್ಟಿ ಕಡಿಮಿ ಮಾಡಸಾಕ ಬಂದೀರೇನು?”

“ಇಲ್ರಿ ಸಾಹೇಬ್ರ, ಹೆಚ್ಚ ಮಾಡಸಾಕ ಬಂದೇನಿ.”

ಅವರಿಗೆ ಅರ್ಥವಾಗಲು ಇದನ್ನು ಮೂರು ಸಲ ಹೇಳಬೇಕಾಯಿತು. ಮುಂದಿನ ವಾರ ಪುರಸಭೆಯವರು ಬಂದು ಪಡಸಾಲೆ ಅಳೆದರು. ಗಿರಣಿ ನಿಲ್ಲಲಿಲ್ಲ, ಪರವಾನಗಿ ಮಾಡಿಸಿಕೊಳ್ಳಲು ಹೇಳಿದರು. ದಂಡ ಸೇರಿ ಬಾಕಿ ಇಪ್ಪತ್ತು ಸಾವಿರದ ಹತ್ತಿರ ಬಂತು. ಹೊಸ ಕಲ್ಲಿನ ದುಡ್ಡು ಅದಕ್ಕೇ ಹೋಯಿತು. ಈಗ ಮಧ್ಯಾಹ್ನದ ಹೊತ್ತು ಶೆಟ್ಟೆವ್ವ ಉಳಿ ಸುತ್ತಿಗೆ ಹಿಡಿದು, ಸವೆದ ಹಳೆಯ ಕಲ್ಲನ್ನೇ ಒರಟು ಮಾಡುತ್ತಾ ಕೂರುತ್ತಾರೆ. ಮೊದಲು ತಿಂಗಳಿಗೊಮ್ಮೆ ಇದ್ದ ಕೆಲಸ ಈಗ ವಾರಕ್ಕೊಮ್ಮೆ.

ಅಳೆಯಲು ಬಂದವರು ಶಂಕ್ರೆಪ್ಪನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಅವರ ಡಬ್ಬಿ ಈಗ ಬೇರೆ ಗಿರಣಿಗೆ ಹೋಗುತ್ತದೆ, ಇದೇ ಬಾಗಿಲ ಮುಂದಿನಿಂದ. ಹಣ ಹೋದದ್ದಕ್ಕಿಂತ ಇದೇ ಹೆಚ್ಚು ನೋಯುತ್ತದೆ, ಶೆಟ್ಟೆವ್ವ ಮುಚ್ಚಿಡುವುದಿಲ್ಲ. “ಕಲ್ಲು ಇಂದಿಲ್ಲ ನಾಳೆ ಬರ್ತಾವ್ರಿ. ಶಂಕ್ರೆಪ್ಪಂದು ಒಂದ್ ಡಬ್ಬಿ ಬಂದ್ರ ಸಾಕು. ಪಟ್ಟಿ ಕಟ್ಟಂತ ಹೇಳೂದಿಲ್ಲ ನಾ. ಬರೇ ಬೀಸಿ ಕೊಡತೇನಿ.”

ಜಯಂತಿಯ ಐನೂರನ್ನು ಅವರು ಈ ವರ್ಷವೂ ಕೊಟ್ಟಿದ್ದಾರೆ. ತಂತಿಯಲ್ಲಿ ಆ ಹದಿಮೂರನೇ ಚೀಟಿಯ ಮೇಲೆ ಪುರಸಭೆಯ ರಸೀದಿ ಕೂತಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಶೆಟ್ಟೆವ್ವ ಅದನ್ನು ಕೆಳಗಿಳಿಸುತ್ತಾರೆ. ‘ಜಾಗದ ಬಳಕೆ’ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದುತ್ತಾರೆ: ಹಿಟ್ಟಿನ ಗಿರಣಿ.

“ಹನ್ನೆರಡ್ ವರ್ಷ ಊರಿಗೆಲ್ಲಾ ಬೀಸೇನ್ರಿ. ಕಾಗದದಾಗ ಮಾತ್ರ ನಂದೊಂದು ಗಿರಣಿ ಐತಿ ಅಂತ ಯಾರೂ ಬರದಿರಲಿಲ್ಲ. ಈಗ ಬರದಾರ, ನೋಡ್ರಿ.”