ರೋಬೋಟ್ ಕಥೆಗೊಂದು ತಿದ್ದುಪಡಿ

ಇವತ್ತು ಶಿಡ್ಲಘಟ್ಟದ ಬಸ್ಸಿಗೆ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹತ್ತಿಸಿದರು. ಆ ಹಸಿ ವಾಸನೆಗೆ ಜಂಗಮಕೋಟೆಯಲ್ಲಿ ರೇಷ್ಮೆ ಸಾಕುತ್ತಿದ್ದ ನಮ್ಮ ಹುಳುಮನೆ, ನನ್ನ ಹೈಸ್ಕೂಲಿನ ದಿನಗಳು ನೆನಪಾದವು.

ರೋಬೋಟು, ಕಾಮಿಕ್ಸು ಅಂತ ಕನ್ನಡದಲ್ಲಿ ಬ್ಲಾಗ್ ಬರೆಯುವ ಲೇಖಕರೊಬ್ಬರೆಂದರೆ ಆಗ ನನಗೆ ಪ್ರಾಣ. ಅಪ್ಪ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟಾಗಲೆಲ್ಲ ಜೊತೆಗೆ ಹೋಗಿ, ಸೈಬರ್ ಸೆಂಟರಿನಲ್ಲಿ ಕೂತು ಅವರನ್ನು ಓದುತ್ತಿದ್ದೆ. ಒಮ್ಮೆ ಅವರು, ರೇಷ್ಮೆಹುಳುವಿನಂತೆ ಬಿಡುವಿಲ್ಲದೆ ತಿನ್ನುವ ರೋಬೋಟಿನ ಕಥೆ ಬರೆದರು. ನಾನು ಕಾಮೆಂಟ್ ಹಾಕಿದೆ: "ಸಾರ್, ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಪೊರೆ ಬಿಡೋವರೆಗೂ ಸೊಪ್ಪು ಮುಟ್ಟಲ್ಲ."

ಅಷ್ಟು ದೊಡ್ಡವರನ್ನು ತಿದ್ದಿದೆನಲ್ಲ ಎಂದು ಮನೆಗೆ ಬಂದ ಮೇಲೆ ಹೆದರಿಕೆಯಾಯಿತು. ಅಜ್ಜಿ ಹುಳುವಿಗೆ ಸೊಪ್ಪು ಹಾಕುತ್ತಲೇ, "ಹುಳ ಸಾಕ್ದೋರು ಹೇಳ್ದೆ ಇನ್ಯಾರು ಹೇಳ್ತಾರಮ್ಮ?" ಎಂದರು.

ಮುಂದಿನ ಸಲ ಹೋದಾಗ ಲೇಖಕರ ಉತ್ತರ ಬಂದಿತ್ತು: "ನಾನು ರೇಷ್ಮೆಹುಳು ನೋಡಿಯೇ ಇಲ್ಲ. ಕಥೆ ತಿದ್ದಿದ್ದೇನೆ. ಇನ್ನೇನು ತಪ್ಪಿದೆ ಹೇಳಮ್ಮ."

ರೋಬೋಟೆಂದರೇನೆಂದೇ ಗೊತ್ತಿಲ್ಲದ ಅಪ್ಪ, ನನ್ನ ಬೆನ್ನ ಹಿಂದೆ ನಿಂತು ಅದನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಹಾಕಮ್ಮ, ನಾನು ಹೇಳ್ತೀನಿ" ಎಂದರು.

ಆ ಬ್ಲಾಗ್ ಈಗ ತೆರೆಯುವುದಿಲ್ಲ. ಅಪ್ಪ ಮಾತ್ರ ಮನೆಗೆ ಬಂದವರಿಗೆ ಇಂದಿಗೂ ಹೇಳುತ್ತಿರುತ್ತಾರೆ: "ನಾನೂ ನಮ್ಮ ಹುಡುಗೀನೂ ಸೇರಿ ಒಂದು ಕಥೆ ಸರಿ ಮಾಡಿದ್ವಿ."